ಕಲ್ಯಾಣದ ಕಲ್ಲು ಕಂಡೆವು, ಕಾಳು ಕಂಡೆವೇ?

ಬಸವಕಲ್ಯಾಣಕ್ಕೆ ಹೋಗಿಬಂದವರನ್ನು ‘ಏನು ನೋಡಿದಿರಿ?’ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಕೋಟೆ, ಅನುಭವ ಮಂಟಪ, ಶರಣರ ಗವಿಗಳು, 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವಣ್ಣನ ಪ್ರತಿಮೆ. ‘ಅಲ್ಲಿ ಏನು ಉಂಡಿರಿ?’ ಎಂದು ಕೇಳಿ ನೋಡಿ. ಉತ್ತರ ತಡವಾಗುತ್ತದೆ. ಹೆದ್ದಾರಿಯ ಢಾಬಾದಲ್ಲಿ ಮೈದಾ ರೊಟ್ಟಿ, ಪನ್ನೀರಿನ ಪಲ್ಯ ಎಂದೋ, ಬೇಗ ಊರು ಸೇರಬೇಕಾಗಿದ್ದುದರಿಂದ ದಾರಿಯಲ್ಲಿ ಬಿಸ್ಕತ್ತು ತಿಂದೆವು ಎಂದೋ ಹೇಳುತ್ತಾರೆ. ನನ್ನ ಹಿಂದಿನ ಮೂರು ಭೇಟಿಗಳ ಕಥೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ನಾಡಿಗೆ ಕೊಟ್ಟ ಊರಿನಲ್ಲಿ ಆ ಊರಿನ ನೆಲ ಬೆಳೆದ ಒಂದು ತುತ್ತನ್ನೂ ಉಣ್ಣದೆ ಮರಳುತ್ತಿದ್ದೇನೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಅದು ಹೊಳೆದದ್ದು ನಾಲ್ಕನೆಯ ಸಲ, ಎಳ್ಳ ಅಮಾವಾಸ್ಯೆಯ ದಿನ. ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿರುವ ಗೆಳೆಯ, ‘ಗುಡಿ, ಕೋಟೆ ಎಲ್ಲಾ ನೋಡಿದ್ದೀರಿ. ಒಂದು ಸಲ ನಮ್ಮ ಹೊಲ ನೋಡಿ’ ಎಂದು ಕರೆದಿದ್ದ. ಬೆಳಿಗ್ಗೆ ಹುಮನಾಬಾದಿನಲ್ಲಿ ಇಳಿದು ಸಂಜೆ ಬಸವಕಲ್ಯಾಣದಲ್ಲಿ ಮುಗಿಸುವ ಒಂದು ದಿನದ ತಿರುಗಾಟವದು. ಎರಡೂ ಊರುಗಳ ನಡುವೆ ಮುಂಬೈ–ಹೈದರಾಬಾದ್ ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆಯೊಳಗಿನ ದಾರಿ. ಆದರೆ ಆ ದಿನ ನಾವು ಕ್ರಮಿಸಿದ್ದು ಒಂಬತ್ತು ಶತಮಾನಗಳ ದಾರಿಯನ್ನು.

ಹುಮನಾಬಾದಿನ ಬಸ್ ನಿಲ್ದಾಣದ ಬಳಿ ಇಡ್ಲಿ ತಿಂದು ಮೊದಲು ಹೋದದ್ದು ಊರಿಗೆ ಅಂಟಿಕೊಂಡಂತಿರುವ ಮಾಣಿಕನಗರಕ್ಕೆ. ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಊರೂರು ಸುತ್ತಿ, 1845ರಲ್ಲಿ ಇಲ್ಲಿ ನೆಲೆನಿಂತು, 1865ರಲ್ಲಿ ಸಮಾಧಿ ಹೊಂದಿದರು. ಎಲ್ಲ ಮತಗಳನ್ನೂ ಒಪ್ಪುವ ‘ಸಕಲಮತ’ ಎಂಬ ಪಂಥ ಅವರದು. ಮರಾಠಿ, ಕನ್ನಡ, ಹಿಂದಿ, ಉರ್ದು ಎಂಬ ಭೇದವಿಲ್ಲದೆ ಹಾಡು ಕಟ್ಟಿದರು. ಅವರ ದರ್ಬಾರಿನಲ್ಲಿ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಕುಳಿತು ಸಂಗೀತ ಕೇಳುತ್ತಿದ್ದರು. ನಿಜಾಮರ ಸೀಮೆಯಲ್ಲಿ, ಮೂರು ಭಾಷೆಗಳು ಕೂಡುವ ಈ ನೆಲದಲ್ಲಿ ಅಂಥದೊಂದು ಪಂಥ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಬಂದವರಿಗೆ ಅನ್ನವಿಡುವ ಪದ್ಧತಿ ಅಲ್ಲಿ ಇಂದಿಗೂ ನಡೆದಿದೆ. ‘ಇಲ್ಲಿ ಯಾರೂ ಹಸಿದು ಹೋಗೋದಿಲ್ಲ’ ಎಂದ ಗೆಳೆಯ, ನಾವು ಮಾತ್ರ ಹಸಿವನ್ನು ಉಳಿಸಿಕೊಳ್ಳಬೇಕೆಂದು ಎಚ್ಚರಿಸಿ ಜಲಸಂಗಿಯ ದಾರಿ ಹಿಡಿಸಿದ.

ಜಲಸಂಗಿ ಹುಮನಾಬಾದ್ ತಾಲ್ಲೂಕಿನ ಸಾಧಾರಣ ಹಳ್ಳಿ. ಅದರ ಅಂಚಿನಲ್ಲಿರುವ ಶಿವಾಲಯ ಮಾತ್ರ ಸಾಧಾರಣವಲ್ಲ. ಕಲ್ಯಾಣದ ಚಾಲುಕ್ಯರ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ, ಅಂದರೆ 1076ರಿಂದ 1126ರ ನಡುವಿನ ರಚನೆ ಅದು. ಹೊರಗೋಡೆಯ ತುಂಬ ಬಳುಕಿ ನಿಂತ ಶಿಲಾಬಾಲಿಕೆಯರು. ಅವರಲ್ಲೊಬ್ಬಳು ತನ್ನ ದೊರೆಯನ್ನು ಹೊಗಳುವ ಸಂಸ್ಕೃತ ಶ್ಲೋಕವನ್ನು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಬೇಲೂರಿನ ಮದನಿಕೆಯರನ್ನು ನೋಡಲು ಜಗತ್ತು ಸಾಲುಗಟ್ಟುತ್ತದೆ. ಅವರ ಈ ಅಕ್ಕಂದಿರ ಮುಂದೆ ಆ ದಿನ ನಿಂತಿದ್ದವರು ನಾವಿಬ್ಬರೇ. ಹೆಣ್ಣೊಬ್ಬಳು ಬರೆಯುತ್ತಿರುವುದನ್ನು ಒಂಬೈನೂರು ವರ್ಷಗಳ ಹಿಂದೆ ಒಬ್ಬ ಶಿಲ್ಪಿ ಕಲ್ಲಿನಲ್ಲಿ ನಿಲ್ಲಿಸಿದ್ದ. ಹಳ್ಳಿಯ ಹೆಂಗಸರು ಆಕೆಯ ಕಡೆ ತಿರುಗಿಯೂ ನೋಡದೆ, ತಲೆಯ ಮೇಲೆ ಬುಟ್ಟಿ ಹೊತ್ತು ಹೊಲಗಳತ್ತ ನಡೆದಿದ್ದರು. ಬುಟ್ಟಿಗಳ ಮೇಲೆ ಬಿಳಿಯ ಬಟ್ಟೆ, ಬಟ್ಟೆಯೊಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ನಾವೂ ಹಿಂಬಾಲಿಸಿದೆವು.

ಬೀದರ್, ಕಲಬುರಗಿ ಕಡೆಯ ಎಳ್ಳ ಅಮಾವಾಸ್ಯೆಯನ್ನು ದಕ್ಷಿಣದ ನಮಗೆ ವಿವರಿಸಿ ಹೇಳುವುದು ಕಷ್ಟ. ಅದು ಮನೆಯಲ್ಲಿ ಆಚರಿಸುವ ಹಬ್ಬವಲ್ಲ. ಊರಿಗೆ ಊರೇ ಅಂದು ಹೊಲದಲ್ಲಿರುತ್ತದೆ. ಗಡಿಯಾಚೆ ಲಾತೂರಿನ ಮರಾಠಿ ರೈತರೂ ಇದನ್ನೇ ‘ವೇಳ ಅಮಾವಾಸ್ಯೆ’ ಎಂದು ಆಚರಿಸುತ್ತಾರೆ. ಜೋಳದ ದಂಟಿನ ಪುಟ್ಟ ಕೊಂಪೆ ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಅಡುಗೆಯ ಒಂದೊಂದು ಪಾಲನ್ನು ಕಲಸಿ ‘ಚರಗ’ ಎಂದು ಬೆಳೆಯ ಮೇಲೆಲ್ಲ ಚೆಲ್ಲುತ್ತಾರೆ. ಕೊಡಲಿರುವ ಭೂಮಿಗೆ ಮೊದಲು ಉಣಿಸಿ ಆಮೇಲೆ ತಾವು ಉಣ್ಣುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುತ್ತಾರೆ. ದಾರಿಹೋಕನನ್ನೂ ಬಿಡುವುದಿಲ್ಲ. ಆ ದಿನ ನಾಲ್ಕು ಹೊಲಗಳಲ್ಲಿ ನನ್ನನ್ನು ಕುಳ್ಳಿರಿಸಿದರು. ಅವರಲ್ಲಿ ಮೂವರಿಗೆ ನಾನು ಯಾರೆಂಬುದೂ ಗೊತ್ತಿರಲಿಲ್ಲ.

ಗೆಳೆಯನ ತಾಯಿ ಎಪ್ಪತ್ತು ದಾಟಿದವರು. ಕೊಂಪೆಯ ಮುಂದೆ ಬುಟ್ಟಿ ಬಿಚ್ಚಿ ಒಂದೊಂದಾಗಿ ಇಟ್ಟರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ, ಇವೆಲ್ಲದರ ನಡುವೆ ದೊಡ್ಡ ಪಾತ್ರೆಯ ತುಂಬ ಬಜ್ಜಿ. ಬಜ್ಜಿಯೆಂದರೆ ನಮ್ಮ ಕಡೆಯ ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ. ಹಸಿ ತೊಗರಿ, ಅವರೆ, ಹಸಿ ಕಡಲೆ, ಬಟಾಣಿ, ಶೇಂಗಾ, ಬದನೆ, ಗಜ್ಜರಿ, ಮೆಂತ್ಯೆ, ಚಕ್ಕೋತ, ಪುಂಡಿ, ಹುಣಸೆ, ಕೆಲವರಲ್ಲಿ ಬಾರೆಹಣ್ಣು. ಹೊಲ, ಬದು, ಬೇಲಿಗಳಲ್ಲಿ ಆ ಹೊತ್ತಿಗೆ ಸಿಗುವುದನ್ನೆಲ್ಲ ಕುದಿಸಿ, ಕಡಲೆಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ ಹೊಯ್ದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಗಟ್ಟಿ ಪಲ್ಯ. ಮೊದಲ ತುತ್ತಿನಲ್ಲಿ ಹುಳಿ, ಆಮೇಲೆ ಕಾಳುಗಳ ಸಿಹಿ, ಕೊನೆಗೆ ಎಲ್ಲಿಂದಲೋ ಬರುವ ಸೊಪ್ಪಿನ ಒಗರು.

‘ಭಾಳ ರುಚಿ ಅದ ಅವ್ವಾ’ ಎಂದೆ. ನನ್ನ ಉತ್ತರ ಕರ್ನಾಟಕದ ಕನ್ನಡಕ್ಕೆ ನಕ್ಕ ಆಕೆ ಮತ್ತೊಂದು ಸೌಟು ಬಡಿಸುತ್ತ ಹೇಳಿದರು: ‘ಉಣ್ಣಪ್ಪಾ. ಆದ್ರ ಇದ್ರಾಗ ನಮ್ಮ ಹೊಲದ್ದು ತೊಗರಿ ಕಡ್ಲಿ ಎರಡೇ ಅದ. ಉಳಿದದ್ದೆಲ್ಲಾ ಹುಮನಾಬಾದ್ ಬಜಾರದಾಗ ತಂದದ್ದು.’

ತುತ್ತು ಬಾಯಲ್ಲೇ ನಿಂತಿತು. ಹೊಲದ ಬೆಳೆಯನ್ನು ಹೊಲದಲ್ಲೇ ಉಣ್ಣುವ ಹಬ್ಬಕ್ಕೆ ಸಾಮಾನು ಸಂತೆಯಿಂದ ಬರುತ್ತಿದೆ! ಗೆಳೆಯನ ಅಣ್ಣ ಊರಲ್ಲೇ ಉಳಿದು ಒಕ್ಕಲುತನ ಮಾಡುವವರು. ಊಟವಾದ ಮೇಲೆ ಅವರೊಡನೆ ಬದುವಿನ ಮೇಲೆ ನಡೆಯುತ್ತ ಕಾರಣ ಕೇಳಿದೆ.

ಅವರ ತಂದೆಯ ಕಾಲದಲ್ಲಿ ಮುಂಗಾರಿಗೆ ಹೆಸರು, ಉದ್ದು. ಅವುಗಳ ನಡುವೆ ಅಕ್ಕಡಿಯಾಗಿ ತೊಗರಿ, ಅಂಚಿನಲ್ಲಿ ಪುಂಡಿ, ಒಂದೆರಡು ಸಾಲು ಎಳ್ಳು. ಹೆಸರು ಕಿತ್ತ ನೆಲದಲ್ಲಿ ಹಿಂಗಾರಿ ಜೋಳ, ಕಡಲೆ, ದನ ನುಗ್ಗದಂತೆ ಸುತ್ತ ಮುಳ್ಳಿನ ಕುಸುಬೆ. ಕಾಳು ಮನುಷ್ಯರಿಗೆ, ಕಣಿಕೆ ದೇವಣಿ ಎತ್ತುಗಳಿಗೆ, ಎಣ್ಣೆ ಮನೆಯ ದೀಪಕ್ಕೂ ಒಗ್ಗರಣೆಗೂ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಈಗ ಮುಂಗಾರಿನಲ್ಲಿ ಬಹುಪಾಲು ನೆಲಕ್ಕೆ ಒಂದೇ ಬೆಳೆ, ಸೋಯಾ ಅವರೆ. ರಾಜ್ಯದಲ್ಲಿ ಅತಿ ಹೆಚ್ಚು ಸೋಯಾ ಬೆಳೆಯುವ ಜಿಲ್ಲೆಯೆಂದರೆ ಬೀದರ್. ಎರಡು–ಮೂರು ದಶಕಗಳಲ್ಲಿ ಆದ ಪಲ್ಲಟ ಇದು.

ನಗರದಲ್ಲಿ ಕುಳಿತು ಇದಕ್ಕೆ ರೈತನನ್ನು ದೂರುವುದು ಸುಲಭ. ಆದರೆ ಅವರು ಕೊಟ್ಟ ಲೆಕ್ಕ ಕೇಳಬೇಕು. ಹೆಸರು ಕೊಯ್ಲಿಗೆ ಬರುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಸರಿಯಾಗಿ ಮಳೆ ಹಿಡಿದು ಹೊಡೆಯುವ ಹೊತ್ತಿಗೆ. ನಾಲ್ಕು ದಿನ ಬಿಸಿಲು ಕಾಣದಿದ್ದರೆ ಕಾಯಿ ಗಿಡದಲ್ಲೇ ಮೊಳಕೆಯೊಡೆಯುತ್ತದೆ. ಕಾಯಿ ಬಿಡಿಸಲು ಆಳುಗಳು ಬೇಕು. ಆಳುಗಳಾಗಬೇಕಿದ್ದವರು ಪುಣೆ, ಮುಂಬೈ, ಹೈದರಾಬಾದ್ ಸೇರಿದ್ದಾರೆ. ಸೋಯಾ ನೂರು ದಿನದಲ್ಲಿ ಕೈಗೆ ಬರುತ್ತದೆ, ಯಂತ್ರ ಬಂದು ಒಕ್ಕಿ ಕೊಡುತ್ತದೆ, ಲಾರಿ ಬಂದು ಒಯ್ಯುತ್ತದೆ. 2025–26ನೇ ಸಾಲಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ನೋಡಿ: ಕ್ವಿಂಟಲ್ ಹೆಸರಿಗೆ 8,768 ರೂಪಾಯಿ, ಉದ್ದಿಗೆ 7,800, ಸೋಯಾ ಅವರೆಗೆ 5,328. ಕಾಗದದ ಮೇಲೆ ಹೆಸರೇ ಮೇಲು. ಆದರೂ ರೈತ ಸೋಯಾ ಬಿತ್ತುತ್ತಾನೆ. ಏಕೆಂದರೆ ಬೆಲೆ ಘೋಷಣೆಯಾದರೆ ಸಾಲದು; ಬೆಳೆ ಕೈಗೆ ಸಿಗಬೇಕು, ಆಳು ಸಿಗಬೇಕು, ಮಾರಲು ಹೋದ ದಿನ ಖರೀದಿ ಕೇಂದ್ರದ ಬಾಗಿಲು ತೆರೆದಿರಬೇಕು.

‘ಸೋಯಾ ರೊಕ್ಕಾ ಕೊಡ್ತದರಿ, ಇಲ್ಲ ಅನ್ನಂಗಿಲ್ಲ. ಮಕ್ಕಳ ಫೀಸು ಅದ್ರಾಗೇ ಕಟ್ಟೀನಿ. ಆದ್ರ ಉಣ್ಲಾಕ ಏನೂ ಕೊಡಂಗಿಲ್ಲ’ ಎಂದರು ಅಣ್ಣ. ಒಂದು ಕೃಷಿ ಪ್ರಬಂಧ ಹೇಳಬೇಕಾದುದು ಈ ಒಂದು ಮಾತಿನಲ್ಲಿತ್ತು.

ಸೋಯಾ ಪರದೇಶದ ಬೆಳೆ, ಆದ್ದರಿಂದ ಬೇಡ ಎನ್ನುವ ವಾದ ನನ್ನದಲ್ಲ. ಆ ದಿನ ಬಜ್ಜಿಗೆ ಬಿದ್ದ ಮೆಣಸಿನಕಾಯಿಯೂ ಪರದೇಶದ್ದೇ, ಹೋಳಿಗೆಯೊಳಗಿನ ಶೇಂಗಾ ಕೂಡ. ಪೋರ್ಚುಗೀಸರ ಹಡಗು ಹತ್ತಿ ಅವು ಅಮೆರಿಕಾ ಖಂಡದಿಂದ ಬಂದವು. ಆದರೆ ಬಂದು ನಮ್ಮ ಒಲೆ ಹೊಕ್ಕವು, ಹಬ್ಬ ಹೊಕ್ಕವು. ಶೇಂಗಾ ಬಂದು ಹೋಳಿಗೆಯಾಯಿತು. ಸೋಯಾ ಬಂದು ಲಾರಿ ಏರಿತು. ಎಣ್ಣೆ ಗಿರಣಿಗೂ ಕೋಳಿ ಮೇವಿಗೂ ಹೋಗುವ ಆ ಕಾಳು ಬೆಳೆದವನ ಗಂಗಾಳಕ್ಕೆ ಬರಲೇ ಇಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಮಧ್ಯಾಹ್ನ ಇಳಿದ ಮೇಲೆ ಹೆದ್ದಾರಿ ಹಿಡಿದು, ಸಸ್ತಾಪುರ ಬಂಗ್ಲಾದ ಬಳಿ ತಿರುಗಿ ಬಸವಕಲ್ಯಾಣ ಸೇರಿದೆವು. ಕೋಟೆಯನ್ನು ಮೊದಲೂ ನೋಡಿದ್ದೆ. ಚಾಲುಕ್ಯ, ಬಹಮನಿ, ಆದಿಲಶಾಹಿ, ಮೊಗಲ, ನಿಜಾಮ ಎಂದು ಕೈ ಬದಲಾಯಿಸುತ್ತ ಬಂದ ಗೋಡೆಗಳವು. ಆದರೆ ಹೊಟ್ಟೆಯಲ್ಲಿ ಬಜ್ಜಿ ಇಟ್ಟುಕೊಂಡು ಅದನ್ನು ನೋಡಿದ್ದು ಇದೇ ಮೊದಲು. ಹಾಗಾಗಿ ನೆನಪಾದದ್ದು ಯುದ್ಧಗಳಲ್ಲ, ಒಂದು ಗ್ರಂಥ.

ಹನ್ನೊಂದನೆಯ ಶತಮಾನದ ನಡುವೆ ಮೊದಲನೆಯ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ಆತನ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಿಲ್ಹಣ ಬಂದ. ಅದೇ ಆಶ್ರಯದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ತಾನೇ ಲೇಖನಿ ಹಿಡಿದವನು. ಸುಮಾರು 1130ರಲ್ಲಿ ಆತ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನೀತಿ, ಆನೆ, ಸಂಗೀತಗಳ ಜೊತೆಗೆ ‘ಅನ್ನಭೋಗ’ವೆಂಬ ಭಾಗವೂ ಇದೆ. ಅಲ್ಲಿ ಅನ್ನದ ಬಗೆಗಳಿವೆ, ಮಾಂಸದ ಬಗೆಗಳಿವೆ, ಮಂಡಕವಿದೆ, ಧೋಸಕವಿದೆ, ವಟಿಕಾ ಇದೆ. ‘ಇಡ್ಡರಿಕಾ’ ಎಂಬ ಉದ್ದಿನ ಖಾದ್ಯವೂ ಇದೆ. ಅದಕ್ಕೆ ಅಕ್ಕಿಯಿಲ್ಲ, ಉದ್ದು, ಮೆಣಸು, ಜೀರಿಗೆ, ಇಂಗು. ಬೆಳಿಗ್ಗೆ ಹುಮನಾಬಾದಿನಲ್ಲಿ ನಾನು ತಿಂದ ಇಡ್ಲಿಯ ಹಳೆಯ ನೆಂಟ ಅದು. ಒಬ್ಬ ಚಕ್ರವರ್ತಿ ತನ್ನ ನೆಲದ ಉದ್ದಿನಕಾಳನ್ನು ಗ್ರಂಥಕ್ಕೆ ಏರಿಸಿದ ಊರು ಇದು. ಆ ಊರಿನ ಸುತ್ತಲೇ ಈಗ ಉದ್ದು ಹಿಂದೆ ಸರಿಯುತ್ತಿದೆ.

‘ಮಾನಸೋಲ್ಲಾಸ’ ಅರಮನೆಯ ಪಂಕ್ತಿ. ಅದಾಗಿ ಮೂರು ದಶಕಗಳಲ್ಲಿ, ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ, ಇದೇ ಕಲ್ಯಾಣದಲ್ಲಿ ಇನ್ನೊಂದು ಪಂಕ್ತಿ ಶುರುವಾಯಿತು. ಅಲ್ಲಿ ಕುಳಿತವರು ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಮಾರುವ ಮೋಳಿಗೆ ಮಾರಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ, ನೆಲ ಉಳುವ ಒಕ್ಕಲಿಗ ಮುದ್ದಣ್ಣ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದು ಆಸೆಯೆಂದು ಗದರಿ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳೆಂಬ ಪ್ರಸಂಗ ನಮಗೆಲ್ಲ ಗೊತ್ತು. ಅರಮನೆಯ ಅನ್ನಭೋಗ ಎಷ್ಟು ಬಗೆ ಎಂದು ಎಣಿಸಿತು. ಲಕ್ಕಮ್ಮ ಎಷ್ಟು ಸಾಕು ಎಂದು ಅಳೆದಳು. ಈ ಎರಡು ಅಳತೆಗಳ ನಡುವಿನ ತಿಕ್ಕಾಟವೇ ಕಲ್ಯಾಣದ ಕ್ರಾಂತಿ ಎಂದರೆ ತಪ್ಪಾಗಲಾರದು.

ಮೂರನೆಯದು ನವಾಬರ ಪಂಕ್ತಿ. ನಿಜಾಮರ ಕಾಲದಲ್ಲಿ ಈ ಊರು ಕಲ್ಯಾಣಿ, ನವಾಬರೊಬ್ಬರ ಜಾಗೀರು. ಆ ಮನೆತನ ಹೈದರಾಬಾದಿನಲ್ಲಿ ದೇವಡಿ ಕಟ್ಟಿಕೊಂಡು, ಊರಿನಿಂದ ಬಂದವರಿಗೆ ಉಣಬಡಿಸಿದ ಊಟವೇ ಇಂದಿನ ‘ಕಲ್ಯಾಣಿ ಬಿರಿಯಾನಿ’ ಎನ್ನುತ್ತಾರೆ. ಕೇಸರಿ, ಒಣಹಣ್ಣುಗಳ ಆಡಂಬರವಿಲ್ಲದ, ಚಿಕ್ಕ ಮಾಂಸದ ತುಂಡುಗಳ, ಬಡವರ ಬಿರಿಯಾನಿಯೆಂದೇ ಹೆಸರಾದ ಅದು ಹೈದರಾಬಾದಿನ ಗಲ್ಲಿಗಲ್ಲಿಗಳಲ್ಲಿ ಮಾರಾಟವಾಗುತ್ತದೆ. ಫಲಕದ ಮೇಲಿನ ‘ಕಲ್ಯಾಣಿ’ ನಮ್ಮ ಬಸವಣ್ಣನ ಕಲ್ಯಾಣವೇ ಎಂಬುದು ಉಣ್ಣುವವರಲ್ಲಿ ಎಷ್ಟು ಮಂದಿಗೆ ಗೊತ್ತು? ಊರಿನ ಹೆಸರು ಹೊತ್ತ ಊಟ ಪರಊರಿನಲ್ಲಿ ಪ್ರಸಿದ್ಧವಾಗಿದೆ; ಊರಿಗೆ ಬಂದವರಿಗೆ ಊರಿನ ಊಟವೇ ಸಿಗುವುದಿಲ್ಲ.

ಮೂರೂ ಪಂಕ್ತಿಗಳು ಎದ್ದುಹೋದವು. ಅರಮನೆ ಬಿದ್ದಿತು, ಶರಣರು ಚದುರಿದರು, ಜಾಗೀರು 1948ರ ನಂತರ ಇತಿಹಾಸಕ್ಕೆ ಸೇರಿತು. ಏಕೀಕರಣದ ಬಳಿಕ ಊರು ಬಸವಕಲ್ಯಾಣವಾಯಿತು, 2019ರಲ್ಲಿ ಸೀಮೆಯೆಲ್ಲ ಕಲ್ಯಾಣ ಕರ್ನಾಟಕವಾಯಿತು. ಇಷ್ಟೆಲ್ಲ ಆಗುವಾಗಲೂ ಮುರಿಯದೆ ನಡೆದುಬಂದ ಪಂಕ್ತಿ ಒಂದೇ. ಅದು ನಾನು ಮಧ್ಯಾಹ್ನ ಹೊಲದಲ್ಲಿ ಕುಳಿತದ್ದು. ಅದಕ್ಕೆ ಶಾಸನವಿಲ್ಲ, ಸ್ಮಾರಕವಿಲ್ಲ. ಅದನ್ನು ಉಳಿಸಿಕೊಂಡು ಬಂದದ್ದು ಹೊಲದ ಹತ್ತಾರು ಬೆಳೆಗಳು. ಆ ಬೆಳೆಗಳು ಹೋದರೆ ಬುಟ್ಟಿ ಉಳಿಯುತ್ತದೆ, ಹಬ್ಬ ಉಳಿಯುವುದಿಲ್ಲ.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ನೂರಾರು ಕೋಟಿ ರೂಪಾಯಿಗಳ ಯೋಜನೆ ಅದು. ಆಗಲಿ. ಅಂಥ ಮಂಟಪವೊಂದು ಬೇಕು. ಅದನ್ನು ನೋಡಲು ದೇಶದ ನಾನಾ ಕಡೆಯಿಂದ ಜನ ಬರುತ್ತಾರೆ. ಬಂದವರು ಉಣ್ಣುತ್ತಾರೆ. ಏನನ್ನು, ಯಾರು ಬೆಳೆದದ್ದನ್ನು ಎಂಬ ಪ್ರಶ್ನೆಯನ್ನು ಈಗಲೇ ಕೇಳಿಕೊಂಡರೆ ಒಳಿತು.

ಇದಕ್ಕೆ ಕೋಟಿಗಳು ಬೇಕಿಲ್ಲ. ಪ್ರವಾಸಿಗರಿಗೆ ಬಡಿಸುವ ಊಟದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ಇರಲಿ. ಅವನ್ನು ಸುತ್ತಲಿನ ಹಳ್ಳಿಗಳ ಸ್ತ್ರೀಶಕ್ತಿ ಗುಂಪುಗಳು ಮಾಡಿಕೊಡಲಿ. ನೆರೆಯ ಕಲಬುರಗಿಯಲ್ಲಿ ಹೆಣ್ಣುಮಕ್ಕಳು ತಟ್ಟುವ ಜೋಳದ ರೊಟ್ಟಿಗೆ ಜಿಲ್ಲಾಡಳಿತದ ಬೆಂಬಲದಿಂದ ‘ಕಲಬುರಗಿ ರೊಟ್ಟಿ’ ಎಂಬ ಹೆಸರು, ಮಾರುಕಟ್ಟೆ ಎರಡೂ ಸಿಕ್ಕಿರುವುದು ಕಣ್ಣೆದುರಿಗೇ ಇದೆ. ದಾಸೋಹ ನಡೆಸುವ ಮಠ–ಮಂದಿರಗಳ ಅಡುಗೆಮನೆಗಳು ವರ್ಷಕ್ಕೆ ಬೇಕಾದ ಬೇಳೆಕಾಳನ್ನು ತಾಲ್ಲೂಕಿನ ರೈತರಿಂದಲೇ ಕೊಳ್ಳುತ್ತೇವೆಂದು ಬಿತ್ತನೆಗೆ ಮೊದಲೇ ಮಾತು ಕೊಟ್ಟರೆ, ಪ್ರತಿಯೊಬ್ಬ ರೈತ ಸೋಯಾ ಹೊಲದ ಎರಡು ಸಾಲನ್ನಾದರೂ ಹೆಸರಿಗೆ, ಉದ್ದಿಗೆ ಬಿಟ್ಟುಕೊಟ್ಟಾನು. ಮಾಣಿಕನಗರ, ಜಲಸಂಗಿ, ಒಂದು ಹೊಲ, ಕೋಟೆ, ಗವಿಗಳು ಎಂದು ಒಂದು ದಿನದ ಸುತ್ತನ್ನು ಪ್ರವಾಸೋದ್ಯಮ ಇಲಾಖೆ ಗುರುತಿಸಬಹುದು. ಹೊಲ ತೋರಿಸಿದ್ದಕ್ಕೆ ರೈತನಿಗೆ ನಾಲ್ಕು ಕಾಸು ಸಿಗಲಿ. ಅದು ಭಿಕ್ಷೆಯಲ್ಲ, ಕಾಯಕದ ಪ್ರತಿಫಲ.

ಎಳ್ಳ ಅಮಾವಾಸ್ಯೆಯನ್ನೇ ಟಿಕೆಟ್ ಹಚ್ಚಿ ಮಾರಬೇಕೆಂದು ನಾನು ಹೇಳುತ್ತಿಲ್ಲ. ಕರೆದು ಉಣಿಸುವುದೇ ಅದರ ಜೀವ, ಅದನ್ನು ಮುಟ್ಟಬಾರದು. ಉಳಿದ ದಿನಗಳಲ್ಲಿ ಅನ್ನಕ್ಕೊಂದು ಬೆಲೆ ಸಿಕ್ಕರೆ ಹಬ್ಬದ ದಿನ ಉಚಿತವಾಗಿ ಉಣಿಸುವ ಕೈ ಸೋಲುವುದಿಲ್ಲ.

ಕತ್ತಲಾಗುವ ಮುನ್ನ ಗೆಳೆಯ ನನ್ನನ್ನು ಹಳೆಯ ಊರಿನ ಓಣಿಯೊಂದಕ್ಕೆ ಕರೆದೊಯ್ದ. ಅದರ ಹೆಸರು ‘ಬಂದವರ ಓಣಿ’. ಕಲ್ಯಾಣಕ್ಕೆ ಬರುವ ಶರಣರನ್ನು ಬಸವಣ್ಣ ಇಲ್ಲಿ ಬರಮಾಡಿಕೊಳ್ಳುತ್ತಿದ್ದನೆಂದು ಜನ ನಂಬುತ್ತಾರೆ. ದೊರೆಯ ಹೆಸರಿನ, ದೇವರ ಹೆಸರಿನ ಬೀದಿಗಳು ಎಲ್ಲ ಊರುಗಳಲ್ಲೂ ಇವೆ. ಬಂದವರ ಹೆಸರಿನ ಬೀದಿ ಇನ್ನೆಲ್ಲಾದರೂ ಇದ್ದೀತೇ? ಅಲ್ಲಿ ನಿಂತು ಕೈಚೀಲ ಮುಟ್ಟಿ ನೋಡಿಕೊಂಡೆ. ಹೊರಡುವಾಗ ಗೆಳೆಯನ ತಾಯಿ ಸೀರೆಯ ತುಂಡಿನಲ್ಲಿ ಕಟ್ಟಿಕೊಟ್ಟಿದ್ದ ಒಂದು ಸೇರು ಹೆಸರುಕಾಳು ಅದರಲ್ಲಿತ್ತು. ಮನೆಯ ಹಿತ್ತಲಲ್ಲಿ ಆಕೆ ತನಗಾಗಿ ಬೆಳೆದುಕೊಂಡದ್ದು. ಕೊಡುವಾಗ ಹೇಳಿದ್ದರು: ‘ಅರ್ಧ ಉಣ್ಣು, ಅರ್ಧ ಬಿತ್ತು.’ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬಿತ್ತುವುದೆಲ್ಲಿ ಎಂದು ಆಗ ಹೇಳಲಿಲ್ಲ. ಆ ಅರ್ಧ ಸೇರು ಡಬ್ಬಿಯಲ್ಲಿ ಹಾಗೆಯೇ ಇದೆ, ನೆಲ ಕಾಯುತ್ತ.